ಜೋಡಿ ಆಕ್ಸಲ್ ಟ್ರಾವೆಲ್ ಟ್ರೈಲರಿಗೆ ಹೊಸ ಟೈರು: 14 ಇಂಚಿನಿಂದ 15ಕ್ಕೆ ಹೋದ ಕೆಲಸದ ದಾಖಲೆ

ಗಾಡಿ: ಟೆಕ್ಸಸ್‌ನಲ್ಲಿ ಓಡುವ 26 ಅಡಿಯ ಟ್ರಾವೆಲ್ ಟ್ರೈಲರ್, ಅಂದರೆ ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ. ತಲಾ 3,500 ಪೌಂಡ್ ಹೊರುವ ಎರಡು ಆಕ್ಸಲ್ (ಚಕ್ರದ ಅಚ್ಚು), ಲೀಫ್ ಸ್ಪ್ರಿಂಗ್, ನಡುವೆ ಎರಡೂ ಆಕ್ಸಲ್ಲಿಗೆ ಭಾರ ಹಂಚುವ ಈಕ್ವಲೈಸರ್. ಚಕ್ರಕ್ಕೆ ಐದು ಬೋಲ್ಟು, ಬೋಲ್ಟುಗಳ ವೃತ್ತದ ವ್ಯಾಸ 4.5 ಇಂಚು. ಕಾರ್ಖಾನೆಯಿಂದ ಬಂದ ಟೈರು ಟ್ರೈಲರಿಗೆಂದೇ ಮಾಡುವ ಎಸ್‌ಟಿ 205/75 ಆರ್14 (ಅಗಲ 205 ಮಿ.ಮೀ., ಪಕ್ಕದ ಎತ್ತರ ಅದರ ನೂರಕ್ಕೆ 75, ರಿಮ್ಮು 14 ಇಂಚು), ಲೋಡ್ ರೇಂಜ್ (ಹೊರುವ ಶಕ್ತಿಯ ದರ್ಜೆ) ಸಿ.

ಟ್ರೆಡ್ (ನೆಲಕ್ಕೆ ತಾಗುವ ಗೆರೆಗಳ ರಬ್ಬರು) ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದನ್ನು ನೋಡಿ ಯಾರೂ ಟೈರು ಬದಲಿಸುವುದಿಲ್ಲ, ತೊಂದರೆ ಶುರುವಾಗುವುದೂ ಅಲ್ಲಿಯೇ. ಟೈರಿನ ಪಕ್ಕದಲ್ಲಿ ಒತ್ತಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2216, ಅಂದರೆ 2016ರ 22ನೇ ವಾರ ತಯಾರಾದ ಟೈರು. ಈ ನಾಲ್ಕು ಅಂಕಿ ಎಷ್ಟೋ ಟೈರುಗಳಲ್ಲಿ ಒಂದೇ ಪಕ್ಕದಲ್ಲಿ ಇರುತ್ತದೆ, ಆ ಪಕ್ಕ ಒಳಮುಖವಾಗಿದ್ದರೆ ಟಾರ್ಚು ಹಿಡಿದು ಗಾಡಿಯ ಕೆಳಗೆ ನುಸುಳಲೇಬೇಕು. ಟ್ರೈಲರ್ ಟೈರು ಓಡಿ ಸಾಯುವುದಕ್ಕಿಂತ ನಿಂತು ಸಾಯುವುದೇ ಹೆಚ್ಚು. ವರ್ಷದ ಬಹುಪಾಲು ಒಂದೇ ಜಾಗದಲ್ಲಿ, ಒಂದೇ ಮಗ್ಗುಲಿಗೆ ಬಿಸಿಲು ತಿನ್ನುತ್ತಾ ನಿಂತಿರುತ್ತದೆ. ಪಕ್ಕದ ರಬ್ಬರಿನಲ್ಲಿ ಕೂದಲೆಳೆಯಷ್ಟು ಸೀಳುಗಳು ಕಾಣಿಸಿಕೊಂಡಿದ್ದವು. ಐದು ವರ್ಷಕ್ಕೆ ಟ್ರೆಡ್ ಹೇಗೇ ಇರಲಿ ತೆಗೆಯುವುದು ವಾಡಿಕೆ, ಇದು ಆ ಗಡಿ ದಾಟಿ ಬಹಳವಾಗಿತ್ತು.

ಹಂತ 1: ಫಲಕ ಓದುವುದು

ಟ್ರೈಲರಿನ ಹೊರಗೋಡೆಯ ಎಡಮುಂದಿನ ಮೂಲೆಯಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಗಾಡಿಯ ಒಟ್ಟು ತೂಕದ ಮಿತಿ, ಒಂದೊಂದು ಆಕ್ಸಲ್ಲಿನ ಮಿತಿ, ಟೈರಿನ ಅಳತೆ, ರಿಮ್ಮಿನ ಅಳತೆ, ತಣ್ಣಗಿದ್ದಾಗ ಇರಬೇಕಾದ ಗಾಳಿ (ಪಿಎಸ್‌ಐ, ಅಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ), ಎಲ್ಲವೂ ಅದರಲ್ಲಿದೆ. ಈ ಗಾಡಿಯಲ್ಲಿ ಆಕ್ಸಲ್ಲಿಗೆ 3,500 ಪೌಂಡ್, ಗಾಳಿ 50 ಪಿಎಸ್‌ಐ.

ಆ ಟೈರು 50 ಪಿಎಸ್‌ಐನಲ್ಲಿ ಹೊರುವುದು 1,760 ಪೌಂಡ್. ಎರಡು ಸೇರಿದರೆ 3,520. ಆಕ್ಸಲ್ಲಿನ ಮಿತಿಗೂ ಟೈರಿನ ಮಿತಿಗೂ ನಡುವೆ ಉಳಿದದ್ದು 20 ಪೌಂಡ್. ಎರಡೂವರೆ ಗ್ಯಾಲನ್ ನೀರು ಅಷ್ಟು ತೂಗುತ್ತದೆ. ಆಗ ಇದು ಕಾನೂನಿಗೆ ಸರಿಯೇ ಇತ್ತು. ಆರ್‌ವಿ (ಮನೆಗಾಡಿ) ತಯಾರಕರ ಸಂಘ ತನ್ನ ಸದಸ್ಯರಿಗೆ ಕನಿಷ್ಠ ನೂರಕ್ಕೆ 10ರಷ್ಟು ಮಿಗಿಲು ಇರಬೇಕೆಂದು ವಿಧಿಸಿದ್ದು 2017ರಲ್ಲಿ. ಅದಕ್ಕೂ ಹಿಂದಿನ ಗಾಡಿಯಾದರೆ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ.

ಫಲಕದಲ್ಲಿರುವ ಅಳತೆ ಕನಿಷ್ಠ ಮಟ್ಟ. ಅದಕ್ಕಿಂತ ಕಡಿಮೆ ಹೊರುವ ಟೈರು ಹಾಕುವಂತಿಲ್ಲ, ಹೆಚ್ಚು ಹೊರುವುದನ್ನು ಹಾಕಬಹುದು. ಆದರೆ ಟೈರು ಎಷ್ಟೇ ದೊಡ್ಡದಾದರೂ ಆಕ್ಸಲ್ಲಿನ 3,500 ಹಾಗೆಯೇ ಇರುತ್ತದೆ. ಹೊಸ ಟೈರು ಹಾಕಿಸಿ ಇನ್ನಷ್ಟು ಸಾಮಾನು ತುಂಬುವವರು ಇದ್ದಾರೆ, ಅದಕ್ಕೇ ಈ ಮಾತು.

ಹಂತ 2: ತೂಕ

ಇಲ್ಲಿ ಸಮಯ ಕೊಡಬೇಕು. ಹೆದ್ದಾರಿ ಬದಿಯ ಟ್ರಕ್ ನಿಲ್ದಾಣಗಳ ಕ್ಯಾಟ್ ಕಂಪನಿಯ ತೂಕದ ಕಟ್ಟೆಯಲ್ಲಿ ಪಿಕಪ್ಪಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರಿನ ಎರಡೂ ಆಕ್ಸಲ್ ಸೇರಿದ ತೂಕ ಬೇರೆಬೇರೆ ಸಿಗುತ್ತದೆ. ಪ್ರವಾಸಕ್ಕೆ ಹೊರಟಂತೆಯೇ ತುಂಬಿಕೊಂಡು ಹೋಗಿ: ನೀರಿನ ಟ್ಯಾಂಕು ಪೂರ್ತಿ (ಗ್ಯಾಲನ್ನಿಗೆ 8.3 ಪೌಂಡ್, 40 ಗ್ಯಾಲನ್ನಿಗೆ 332), ಗ್ಯಾಸ್ ಸಿಲಿಂಡರ್ ತುಂಬಿರಲಿ, ಪಾತ್ರೆ, ಅಕ್ಕಿಬೇಳೆ, ಹಾಸಿಗೆ ಎಲ್ಲವೂ ಒಳಗಿರಲಿ. ತೂಕ ಹಂಚುವ ಹಿಚ್ (ಪಿಕಪ್ಪಿಗೂ ಟ್ರೈಲರಿಗೂ ನಡುವಿನ ಕೊಂಡಿ) ಇದ್ದರೆ ಅದರ ಸರಳುಗಳನ್ನು ಬಿಗಿದೇ ತೂಗಿ, ಯಾಕೆಂದರೆ ಅದು ಟ್ರೈಲರಿನ ಮೂಗು ಪಿಕಪ್ಪಿನ ಮೇಲೆ ಹೇರುವ ಭಾರದಲ್ಲಿ ಒಂದಿಷ್ಟನ್ನು ಟ್ರೈಲರಿನ ಚಕ್ರಗಳ ಕಡೆಗೇ ವಾಪಸು ದಬ್ಬುತ್ತದೆ.

ಕ್ಯಾಟ್ ಚೀಟಿಯಲ್ಲಿ ಬಂದದ್ದು 6,420 ಪೌಂಡ್. ನಾಲ್ಕರಿಂದ ಭಾಗಿಸಿದರೆ ಚಕ್ರಕ್ಕೆ 1,605. ಪರವಾಗಿಲ್ಲ, 155 ಪೌಂಡ್ ಮಿಗಿಲಿದೆ ಎನ್ನಿಸುತ್ತದೆ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ.

ಚಕ್ರದ ಕೆಳಗೆ ಇಡುವ ಚಪ್ಪಟೆ ತಕ್ಕಡಿ ತಂದು ಒಂದೊಂದನ್ನೇ ತೂಗಿದಾಗ ಬಂದ ಅಂಕಿ ಬೇರೆ:

ಎಡ ಮುಂದೆ 1,540, ಎಡ ಹಿಂದೆ 1,610
ಬಲ ಮುಂದೆ 1,590, ಬಲ ಹಿಂದೆ 1,680

ಬಲ ಹಿಂದಿನ ಚಕ್ರಕ್ಕೆ ಉಳಿದದ್ದು ಬರೀ 80 ಪೌಂಡ್, ನೂರಕ್ಕೆ ಐದೂ ಇಲ್ಲ. ಫ್ರಿಜ್ಜು, ಅಡುಗೆ ಕಟ್ಟೆ, ಹಿಂಬದಿಯ ಸಾಮಾನು ಪೆಟ್ಟಿಗೆ ಮೂರೂ ಆ ಮಗ್ಗುಲಲ್ಲೇ ಇವೆ. ಹಳೆಯ ನಾಲ್ಕು ಟೈರುಗಳಲ್ಲಿ ಒಳಅಂಚು ಹೆಚ್ಚು ಸವೆದದ್ದೂ ಅದೇ ಚಕ್ರದ್ದು. ಟ್ರೈಲರ್ ಆಕ್ಸಲ್ಲನ್ನು ಮಧ್ಯದಲ್ಲಿ ಸ್ವಲ್ಪ ಮೇಲಕ್ಕೆ ಬಾಗಿಸಿಯೇ ಮಾಡಿರುತ್ತಾರೆ. ಭಾರ ಜಾಸ್ತಿಯಾದರೆ ಆ ಬಾಗು ಇಳಿದು ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಒಳಅಂಚು ನೆಲಕ್ಕೆ ಉಜ್ಜುತ್ತದೆ. ಆಕ್ಸಲ್ಲು ಓರೆಯಾಗಿದೆಯೇ ಎಂದು ಕಪ್ಲರಿನ (ಟ್ರೈಲರಿನ ಮೂಗಿನ ತುದಿಯ ಕೊಂಡಿ) ಮಧ್ಯದಿಂದ ಮುಂದಿನ ಆಕ್ಸಲ್ಲಿನ ಎರಡೂ ತುದಿಗೆ ಟೇಪು ಹಿಡಿದಾಗ ವ್ಯತ್ಯಾಸ 1/16 ಇಂಚು ಬಂತು. 1/8ರ ಒಳಗಿದ್ದರೆ ಚಿಂತೆಯಿಲ್ಲ. ಒಂದರಿಂದ ಇನ್ನೊಂದು ಆಕ್ಸಲ್ಲಿಗಿರುವ ದೂರ ಎರಡೂ ಮಗ್ಗುಲಲ್ಲಿ ಒಂದೇ ಇತ್ತು. ಹಾಗಾಗಿ ಇಲ್ಲಿ ದೋಷ ಆಕ್ಸಲ್ಲಿನದಲ್ಲ, ಸಾಮಾನು ಜೋಡಿಸಿದ ರೀತಿಯದು.

ಒಂದು ಎಚ್ಚರ: ತಕ್ಕಡಿ ಒಂದೂವರೆ ಇಂಚು ದಪ್ಪವಿದ್ದರೆ ಉಳಿದ ಮೂರು ಚಕ್ರಗಳ ಕೆಳಗೂ ಅಷ್ಟೇ ದಪ್ಪದ ಹಲಗೆ ಇಡಬೇಕು. ಇಡದಿದ್ದರೆ ಎತ್ತರದಲ್ಲಿರುವ ಚಕ್ರ ಅದರ ಪಾಲಿಗಿಂತ ಹೆಚ್ಚು ಭಾರ ತೋರಿಸುತ್ತದೆ. ಈಕ್ವಲೈಸರ್ ಇದೆಯಲ್ಲ, ಅದು ಸರಿಮಾಡುತ್ತದೆ ಎನ್ನುವಂತಿಲ್ಲ, ಅದರ ಬುಶ್ಶುಗಳು (ಬೋಲ್ಟು ತಿರುಗುವ ತೂತಿನ ಒಳಕೊಳವೆ) ಒಣಗಿದ್ದರೆ ಪೂರ್ತಿ ತಿರುಗುವುದೇ ಇಲ್ಲ.

ಹಂತ 3: ರಿಮ್ಮು ಏನು ಹೇಳುತ್ತದೆ

ಮೊದಲ ಯೋಚನೆ ಸುಲಭದ್ದು: ಅದೇ ಅಳತೆಯಲ್ಲಿ ಲೋಡ್ ರೇಂಜ್ ಡಿ ಹಾಕಿಬಿಡುವುದು. 65 ಪಿಎಸ್‌ಐನಲ್ಲಿ 2,040 ಪೌಂಡ್ ಹೊರುತ್ತದೆ, ರಿಮ್ಮು ಬದಲಿಸುವ ಖರ್ಚಿಲ್ಲ. ಊರಿನ ಲಾರಿ ಭಾಷೆಯಲ್ಲಿ ಹೇಳುವುದಾದರೆ ಸಿ ಎಂದರೆ 6 ಪ್ಲೈ (ಪದರದ ಲೆಕ್ಕ), ಡಿ 8, ಇ 10.

ಚಕ್ರ ಬಿಚ್ಚಿ ರಿಮ್ಮಿನ ಹಿಂಭಾಗ ಒರೆಸಿ ನೋಡಿದಾಗ ಒತ್ತಿದ ಅಕ್ಷರ ಸಿಕ್ಕಿತು: 14 × 5.5, ಗರಿಷ್ಠ ಭಾರ 1,870 ಪೌಂಡ್, 50 ಪಿಎಸ್‌ಐ. ಆ ಯೋಚನೆ ಅಲ್ಲಿಗೆ ಮುಗಿಯಿತು.

ಟೈರಿನ ಪಕ್ಕದಲ್ಲಿ ಬರೆದ ಭಾರವನ್ನು ಹೊರುವುದು ಗಾಳಿ, ರಬ್ಬರಲ್ಲ. ಡಿ ಟೈರಿಗೆ 50 ಪಿಎಸ್‌ಐ ಮಾತ್ರ ಹೊಡೆದರೆ ಅದು ಸಿ ಹೊರುವಷ್ಟೇ, ಅಂದರೆ 1,760 ಹೊರುತ್ತದೆ. ಹೆಚ್ಚು ದುಡ್ಡು ಕೊಟ್ಟು ಗಟ್ಟಿ ಪಕ್ಕ ಕೊಂಡಂತಾಯಿತು, ಹೊರುವ ಶಕ್ತಿ ಕೊಂಡಂತಾಗಲಿಲ್ಲ. 65 ಹೊಡೆದರೆ ರಿಮ್ಮಿನ ಮಿತಿ ಮೀರುತ್ತದೆ. ಎಸ್‌ಟಿ 215/75 ಆರ್14 ಡಿ (2,200 ಪೌಂಡ್) ಹಾಕಿದರೂ ಇದೇ ಕತೆ. ಕೆಲವು ರಿಮ್ಮುಗಳಲ್ಲಿ ಭಾರ ಮಾತ್ರ ಒತ್ತಿರುತ್ತಾರೆ, ಪಿಎಸ್‌ಐ ಇರುವುದಿಲ್ಲ. ಆಗ ಮಾದರಿ ಸಂಖ್ಯೆ ಹಿಡಿದು ತಯಾರಕರನ್ನು ಕೇಳಬೇಕು, ಊಹಿಸಬಾರದು.

ರಿಮ್ಮು ಹೇಗೂ ಹೊಸದು ಕೊಳ್ಳಬೇಕೆಂದ ಮೇಲೆ 14ಕ್ಕೇ ಅಂಟಿಕೊಳ್ಳುವ ಕಾರಣ ಉಳಿಯಲಿಲ್ಲ. ದೂರದ ಊರಲ್ಲಿ ಟೈರು ಒಡೆದಾಗ ಅಂಗಡಿಯಲ್ಲಿ 15 ಇಂಚಿನದ್ದು ಸಿಗುವ ಸಂಭವ ಹೆಚ್ಚು.

ಹಂತ 4: ಜಾಗ

ಅಗಲ × ಅನುಪಾತ × 2, ಅದಕ್ಕೆ ರಿಮ್ಮಿನ ವ್ಯಾಸ ಕೂಡಿಸಿದರೆ ಟೈರಿನ ವ್ಯಾಸ. 205 × 0.75 × 2 = 307.5 ಮಿ.ಮೀ., ಅದಕ್ಕೆ 14 ಇಂಚಿನ 355.6 ಸೇರಿಸಿದರೆ 663, ಅಂದರೆ 26.1 ಇಂಚು. ಹೀಗೆಯೇ 205/75 ಆರ್15ಕ್ಕೆ 27.1, 225/75 ಆರ್15ಕ್ಕೆ 28.3 ಇಂಚು.

ಈ ಗಾಡಿಯಲ್ಲಿ ಆಕ್ಸಲ್ಲಿಂದ ಆಕ್ಸಲ್ಲಿಗೆ 33 ಇಂಚು. ಎರಡು ಟೈರುಗಳ ನಡುವಿನ ಸಂದು ಹಳೆಯದರಲ್ಲಿ 6.9, ಹೊಸ 205ರಲ್ಲಿ 5.9, 225ರಲ್ಲಿ 4.7 ಇಂಚು. ನಿಂತ ಗಾಡಿಯಲ್ಲಿ ಮೂರೂ ಸಾಕೆನಿಸುತ್ತದೆ. ಆದರೆ ಒಂದು ಚಕ್ರ ಹೊಂಡಕ್ಕಿಳಿದಾಗ ಸ್ಪ್ರಿಂಗಿನ ತುದಿ ಹಿಡಿದ ಶ್ಯಾಕಲ್‌ಗಳು ತೂಗಿ ಆಕ್ಸಲ್ಲುಗಳು ಒಂದರ ಹತ್ತಿರ ಇನ್ನೊಂದು ಬರುತ್ತವೆ. ಹಿಂದಿನ ಚಕ್ರದ ಕೆಳಗೆ 4 ಇಂಚಿನ ದಿಮ್ಮಿ ಇಟ್ಟು ಗಾಡಿ ಏರಿಸಿ ಮತ್ತೆ ಅಳೆದರೆ ನಿಜವಾದ ಸಂದು ಎಷ್ಟೆಂದು ಗೊತ್ತಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಮೇಲಿನ ಜಾಗ. ಆಕ್ಸಲ್ ಟ್ಯೂಬಿನ ತಲೆಯಿಂದ ಫ್ರೇಮಿನ ತಳಕ್ಕೆ ಅಳೆಯಿರಿ, ಸ್ಪ್ರಿಂಗ್ ಪೂರ್ತಿ ಕುಸಿದರೆ ಆಕ್ಸಲ್ ಏರಬಹುದಾದ ದೂರ ಅದು. ಇಲ್ಲಿ 3 ಇಂಚು. ಟೈರಿನ ತಲೆಯಿಂದ ಚಕ್ರಗೂಡಿನ ಚಾವಣಿಗೆ ಹಳೆಯ ಟೈರಿನಲ್ಲಿ 4.25 ಇಂಚಿತ್ತು. 205/75 ಆರ್15 ತ್ರಿಜ್ಯದಲ್ಲಿ ಅರ್ಧ ಇಂಚು ತಿನ್ನುತ್ತದೆ: 3.75. 225/75 ಆರ್15 ತಿನ್ನುವುದು 1.1: ಉಳಿಯುವುದು 3.15. ಸ್ಪ್ರಿಂಗಿನ 3 ಇಂಚು ಕಳೆದರೆ 225ಕ್ಕೆ ಸಿಗುವುದು 0.15 ಇಂಚು. ಚಾವಣಿಯಿಂದ ಕೆಳಕ್ಕೆ ಚಾಚಿದ ಒಂದು ಸ್ಕ್ರೂ ತುದಿ ಅದಕ್ಕಿಂತ ಉದ್ದವಿತ್ತು. ಅಳೆಯುವಾಗ ಚಾವಣಿಗೆ ಬೆರಳಾಡಿಸಿ ನೋಡಿ. ಈ ಗಾಡಿಯಲ್ಲಿ ಅಂಥ ಎರಡು ಸ್ಕ್ರೂ ಸಿಕ್ಕವು, ಎರಡನ್ನೂ ಕತ್ತರಿಸಿ ಉಜ್ಜಲಾಯಿತು. ಆ ಚಾವಣಿಯ ಮೇಲೆಯೇ ಬ್ರೇಕಿನ ತಂತಿ, ನೀರಿನ ಪೈಪು ಹೋಗುತ್ತವೆ. ಟ್ರೆಡ್ ಕಿತ್ತು ಚಾಟಿಯಂತೆ ಬೀಸಿದಾಗ ಟೈರಿಗಿಂತ ಹೆಚ್ಚಿನ ಖರ್ಚು ಅಲ್ಲೇ ಆಗುವುದು.

ಒಳಮಗ್ಗುಲಲ್ಲಿ ಟೈರಿಗೂ ಸ್ಪ್ರಿಂಗಿಗೂ ನಡುವೆ ಒಂದು ಇಂಚಿಗಿಂತ ಹೆಚ್ಚು ಜಾಗವಿತ್ತು. ಹೊಸ ರಿಮ್ಮು 15 × 5, ಬೋಲ್ಟು ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಸರಿದಿದೆ ಎನ್ನುವ ಆಫ್‌ಸೆಟ್ ಸೊನ್ನೆ, ಹಾಗಾಗಿ ಅದರಲ್ಲಿ ತೊಡಕಿಲ್ಲ. ಕಾರಿನ ರಿಮ್ಮು ಬೋಲ್ಟಿಗೆ ಕೂತರೂ ಆಫ್‌ಸೆಟ್ ಬೇರೆ ಇರುತ್ತದೆ, ಬೇಡ.

ಹಂತ 5: ಆಯ್ಕೆ

ಉಳಿದ ಸಾಧ್ಯತೆಗಳನ್ನು ಬೇಗ ಮುಗಿಸಬಹುದು.

ಅಳತೆಯ ಮುಂದೆ ಪಿ ಎಂದಿರುವ ಕಾರಿನ ಟೈರನ್ನು ಟ್ರೈಲರಿಗೆ ಹಾಕಿದರೆ ಅದರ ಮೇಲೆ ಬರೆದ ಭಾರವನ್ನು 1.1ರಿಂದ ಭಾಗಿಸಬೇಕು. 2,000 ಎಂದಿದ್ದರೆ 1,818. ಪಕ್ಕವೂ ಮೆತ್ತಗೆ. ಜೋಡಿ ಆಕ್ಸಲ್ ಗಾಡಿಯನ್ನು ಬಿಗಿಯಾಗಿ ತಿರುಗಿಸಿದಾಗ ಚಕ್ರಗಳು ಉರುಳುವುದಿಲ್ಲ, ಅಡ್ಡಡ್ಡ ಎಳೆಯಲ್ಪಡುತ್ತವೆ. ಕ್ಯಾಂಪಿನಲ್ಲಿ ಹಿಮ್ಮುಖ ತಿರುಗಿಸುವಾಗ ಹಿಂದಿನ ಟೈರಿನ ಹೊಟ್ಟೆ ರಿಮ್ಮಿನಿಂದ ಆಚೆ ಉಬ್ಬುವುದನ್ನು ಪಕ್ಕದಲ್ಲಿ ನಿಂತು ನೋಡಿದವರಿಗೆ ಎಸ್‌ಟಿ ಟೈರಿನ ಪಕ್ಕ ಯಾಕೆ ಬಿರುಸು ಎಂದು ಹೇಳಬೇಕಾಗಿಲ್ಲ.

225/75 ಆರ್15 ಡಿ 2,540 ಪೌಂಡ್, ಇ 80 ಪಿಎಸ್‌ಐನಲ್ಲಿ 2,830 ಪೌಂಡ್ ಹೊರುತ್ತದೆ. ಕೇಳಲು ಚೆನ್ನ. ಜಾಗದ ತೊಂದರೆ ಮೇಲೆ ಹೇಳಿದ್ದಾಯಿತು. ಅದರ ಜೊತೆಗೆ ಐದು ಬೋಲ್ಟಿನ 15 ಇಂಚಿನ ರಿಮ್ಮುಗಳಲ್ಲಿ ಸಾಮಾನ್ಯವಾಗಿ ಒತ್ತಿರುವುದು 2,150 ಪೌಂಡ್, ಟೈರಿನ ಹೆಚ್ಚುವರಿ ಶಕ್ತಿ ರಿಮ್ಮಿನಲ್ಲೇ ನಿಂತುಹೋಗುತ್ತದೆ. ಆ ಟೈರು ನಿಜಕ್ಕೂ ಸಲ್ಲುವುದು ಆರು ಬೋಲ್ಟಿನ, 5,200 ಅಥವಾ 6,000 ಪೌಂಡಿನ ಆಕ್ಸಲ್ಲಿಗೆ.

ತೆಗೆದುಕೊಂಡದ್ದು ಎಸ್‌ಟಿ 205/75 ಆರ್15, ಲೋಡ್ ರೇಂಜ್ ಡಿ: 65 ಪಿಎಸ್‌ಐನಲ್ಲಿ 2,150 ಪೌಂಡ್. ರಿಮ್ಮಿನ ಮೇಲೂ 2,150, 65 ಪಿಎಸ್‌ಐ ಎಂದೇ ಇದೆ. ಅತಿ ಭಾರದ ಚಕ್ರಕ್ಕೆ 470 ಪೌಂಡ್ ಮಿಗಿಲು, ಸುಮಾರು ನೂರಕ್ಕೆ 22.

ವೇಗದ ಗುರುತನ್ನೂ ನೋಡಿ. ಅಳತೆಯ ಪಕ್ಕದಲ್ಲಿ ಅಕ್ಷರ ಇಲ್ಲದ ಎಸ್‌ಟಿ ಟೈರು ಗಂಟೆಗೆ 65 ಮೈಲಿಗೆ ಮಾತ್ರ. ಎಲ್ ಎಂದರೆ 75, ಎಂ 81, ಎನ್ 87. ಪಶ್ಚಿಮ ಟೆಕ್ಸಸ್‌ನ ಐ-10 ಹೆದ್ದಾರಿಯಲ್ಲಿ ವೇಗದ ಮಿತಿಯೇ 80 ಮೈಲಿ. ಹಾಗೆಂದು ಟ್ರೈಲರ್ ಎಳೆಯುತ್ತಾ 80 ಓಡಿಸಿ ಎಂದಲ್ಲ, 65ರ ಟೈರಿಗೆ ಇಳಿಜಾರಿನಲ್ಲಿ 70 ದಾಟಿದರೂ ಕಾವು ಏರುತ್ತದೆ. ಈಗ ಹಾಕಿದ್ದು ಎನ್ ಗುರುತಿನದ್ದು, ಓಡಿಸುವುದು 62-65ರಲ್ಲೇ.

ಅಂಗಡಿಯಲ್ಲಿ ಹಣ ಕೊಡುವ ಮುನ್ನ ಸ್ಟೆಪ್ನಿ ಸೇರಿ ಐದೂ ಟೈರುಗಳ ವಾರ-ವರ್ಷದ ಅಂಕಿ ನೋಡಿ. ತಂದದ್ದರಲ್ಲಿ ಒಂದು ಉಳಿದವುಗಳಿಗಿಂತ ಎರಡು ವರ್ಷ ಹಳೆಯದಿತ್ತು, ಕೇಳಿದ ಮೇಲೆ ಬದಲಿಸಿ ಕೊಟ್ಟರು. ರೇಡಿಯಲ್ಲಿನ ಆರ್ ಇರುವ ಜಾಗದಲ್ಲಿ ಡಿ ಎಂದಿದ್ದರೆ ಅದು ಬಯಾಸ್ ಟೈರು (ಒಳಗಿನ ನೂಲಿನ ಪದರ ಓರೆಯಾಗಿರುವುದು). ಒಂದೇ ಆಕ್ಸಲ್ಲಿನಲ್ಲಿ ಎರಡನ್ನೂ ಬೆರೆಸಬೇಡಿ.

ಹಂತ 6: ಜೋಡಣೆ, ಅಲ್ಲಿ ಬಂದ ತೊಡಕು

ಜಾಕಿಯನ್ನು ಆಕ್ಸಲ್ ಟ್ಯೂಬಿಗೆ ಕೊಡಬೇಡಿ, ಟ್ಯೂಬು ಬಾಗುತ್ತದೆ. ಸ್ಪ್ರಿಂಗ್ ಹ್ಯಾಂಗರಿನ (ಸ್ಪ್ರಿಂಗನ್ನು ಫ್ರೇಮಿಗೆ ಹಿಡಿದ ಕೊಂಡಿ) ಹತ್ತಿರ ಫ್ರೇಮಿನ ಕೆಳಗೆ, ಅಡಿಯಲ್ಲಿ ದಪ್ಪ ಹಲಗೆ ಇಟ್ಟು 6 ಟನ್ನಿನ ಬಾಟಲ್ ಜಾಕಿ. ಟ್ರೈಲರ್ ಪಿಕಪ್ಪಿಗೆ ಕಟ್ಟಿಯೇ ಇರಲಿ, ಎತ್ತದ ಕಡೆಯ ಎರಡೂ ಚಕ್ರಗಳಿಗೆ ಹಿಂದೆ-ಮುಂದೆ ಅಡೆ ಇರಲಿ. ನಟ್ಟುಗಳನ್ನು ಚಕ್ರ ನೆಲದಲ್ಲಿದ್ದಾಗಲೇ ಅರ್ಧ ಸುತ್ತು ಸಡಿಲಿಸಿಕೊಳ್ಳಿ.

ಮೊದಲ ತೊಡಕು ನಟ್ಟಿನದ್ದೇ. ಹಳೆಯವು ಕ್ರೋಮ್ ಟೊಪ್ಪಿ ಹೊದಿಸಿದವು, ಟೊಪ್ಪಿಯೊಳಗೆ ತುಕ್ಕು ಉಬ್ಬಿ ಸಾಕೆಟ್ಟೇ ಕೂರಲಿಲ್ಲ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದಕ್ಕೆ ಟೊಪ್ಪಿ ಹರಿದು ಬಂತು. ಇಪ್ಪತ್ತನ್ನೂ ಎಸೆದು ಗಟ್ಟಿ ನಟ್ಟು ಹಾಕಲಾಯಿತು: ಅರ್ಧ ಇಂಚು, ಇಂಚಿಗೆ 20 ಎಳೆ, 60 ಡಿಗ್ರಿಯ ಶಂಕು.

ಎರಡನೆಯದು ವಾಲ್ವ್. ಅಂಗಡಿಯವರು ಡಬ್ಬಿಯಿಂದ ತೆಗೆದು ಹಾಕಿದ್ದು ಟಿಆರ್413 ರಬ್ಬರ್ ವಾಲ್ವ್. ಅದರ ಮಿತಿ 65 ಪಿಎಸ್‌ಐ, ಸರಿಯಾಗಿ ಅಂಚಿನಲ್ಲಿ. ಮೇಲಾಗಿ ಗಾಳಿ ತೋರಿಸುವ ಸೆನ್ಸಾರ್ ಅದರ ತುದಿಗೆ ಕೂರಬೇಕು, ಆ ತೂಕಕ್ಕೆ ರಬ್ಬರಿನ ಬುಡ ಓಲಾಡಿ ಸೀಳುತ್ತದೆ. ಐದನ್ನೂ ಬಿಚ್ಚಿಸಿ ನಟ್ಟು ಬಿಗಿಯುವ ಲೋಹದ ವಾಲ್ವ್ ಹಾಕಿಸಲಾಯಿತು, ರಿಮ್ಮಿನ ತೂತು 0.453 ಇಂಚಿನದ್ದು. ಟೈರು ಕೂರಿಸುವ ಮುನ್ನವೇ ವಾಲ್ವ್ ಯಾವುದೆಂದು ಕೇಳಿಬಿಟ್ಟರೆ ಎರಡು ಸಲ ಬಿಚ್ಚುವುದು ತಪ್ಪುತ್ತದೆ.

ಮೂರನೆಯದು ಬ್ಯಾಲೆನ್ಸ್. ಯಂತ್ರದಲ್ಲಿ ಮಧ್ಯದ ತೂತಿಗೆ ಶಂಕು ಹಾಕಿ ತಿರುಗಿಸಿದಾಗ ಎರಡು ಚಕ್ರ ಸರಿತೂಗಲು ಬಹಳ ಸೀಸದ ತುಂಡು ಕೇಳಿದವು. ಟ್ರೈಲರಿನ ರಿಮ್ಮು ಗಾಡಿಯ ಮೇಲೆ ಕೂರುವುದು ಬೋಲ್ಟುಗಳ ಆಧಾರದಲ್ಲಿ, ಮಧ್ಯದ ತೂತಿನ ಆಧಾರದಲ್ಲಲ್ಲ. ಐದು ಬೋಲ್ಟಿನ ಅಡಾಪ್ಟರ್ ತಟ್ಟೆ ಹಾಕಿ ಮತ್ತೆ ತಿರುಗಿಸಿದರೆ ಒಂದಕ್ಕೆ 1.5 ಔನ್ಸ್, ಇನ್ನೊಂದಕ್ಕೆ 2 ಔನ್ಸ್ ಸಾಕಾಯಿತು.

ಬಿಗಿಯುವುದು ನಕ್ಷತ್ರದ ಕ್ರಮದಲ್ಲಿ, ಮೂರು ಸುತ್ತು: ಮೊದಲು 20-25 ಅಡಿ-ಪೌಂಡ್ (ತಿರುಚುವ ಬಲದ ಅಳತೆ), ಆಮೇಲೆ 50-60, ಕೊನೆಗೆ 90-120ರ ಒಳಗೆ. ಇಲ್ಲಿ 110. ಗಾಳಿ ಗನ್ನಿನಿಂದ ಬಿಗಿಸಿ ಬಿಡಬೇಡಿ. 10, 25, 50 ಮೈಲಿಗೆ ನಿಲ್ಲಿಸಿ ಟಾರ್ಕ್ ರೆಂಚ್ ಹಾಕಿ ನೋಡಬೇಕು. ಮೊದಲ 10 ಮೈಲಿಯಲ್ಲೇ ಹಲವು ನಟ್ಟುಗಳು ಇನ್ನಷ್ಟು ತಿರುಗಿದವು. ಹೊಸ ರಿಮ್ಮಿನ ಬಣ್ಣ ನಟ್ಟಿನ ಕೆಳಗೆ ಜಜ್ಜಿಕೊಂಡು ಕೂರುತ್ತದೆ, ಅಷ್ಟೇ ಕಾರಣ.

ಸ್ಟೆಪ್ನಿಯೂ 15 ಇಂಚಿನದ್ದೇ ಇರಬೇಕು. ಜೋಡಿ ಆಕ್ಸಲ್ಲಿನಲ್ಲಿ ಒಂದು ಚಕ್ರ ಗಿಡ್ಡವಾದರೆ ಪಕ್ಕದ್ದು ಅದರ ಭಾರವನ್ನೂ ಹೊರುತ್ತದೆ. ಹಿಂಬದಿಯ ಬಂಪರ್ ಸ್ಟ್ಯಾಂಡಿಗೆ ಅದೇ ಬೋಲ್ಟು ಕೂತಿತು, ಹಳೆಯ ಹೊದಿಕೆ ಮಾತ್ರ ಏರಲಿಲ್ಲ.

ಹಂತ 7: ಎತ್ತರ, ಮರುತೂಕ, ಗಾಳಿ

ಮೊದಲ ತೂಕದಲ್ಲಿ ಹಿಂದಿನ ಆಕ್ಸಲ್ಲು ಮುಂದಿನದಕ್ಕಿಂತ 160 ಪೌಂಡ್ ಹೆಚ್ಚು ತೋರಿಸಿತ್ತು. ಟ್ರೈಲರಿನ ಮೂಗು ಒಂದೂವರೆ ಇಂಚು ಎದ್ದಿತ್ತು, ಮೂಗು ಎದ್ದರೆ ಭಾರ ಹಿಂದಕ್ಕೆ ಸರಿಯುತ್ತದೆ. ಹೊಸ ಟೈರಿನಿಂದ ಗಾಡಿ ಅರ್ಧ ಇಂಚು ಮೇಲೆ ಬಂದದ್ದರಿಂದ ಅದು ಸ್ವಲ್ಪ ತಗ್ಗಿತು, ಹಿಚ್ಚಿನ ಗುಂಡನ್ನು ಒಂದು ತೂತು ಕೆಳಗಿಳಿಸಿದಾಗ ಮೂಗು ಸಮಮಟ್ಟಕ್ಕಿಂತ ಚೂರೇ ತಗ್ಗಿ ನಿಂತಿತು. ಬಲ ಹಿಂದಿನ ಪೆಟ್ಟಿಗೆಯಿಂದ ಸುಮಾರು 40 ಪೌಂಡ್ ಹತಾರವನ್ನು ಎಡಮುಂದಕ್ಕೆ ಸಾಗಿಸಿ ಮತ್ತೆ ತೂಗಿದರೆ:

ಎಡ ಮುಂದೆ 1,600, ಎಡ ಹಿಂದೆ 1,590
ಬಲ ಮುಂದೆ 1,615, ಬಲ ಹಿಂದೆ 1,635

ಒಟ್ಟು 6,440. ಹೆಚ್ಚಾದ 20 ಪೌಂಡ್ ಹೊಸ ಚಕ್ರಗಳದ್ದೇ. ಟೈರಿಗೆ ಖರ್ಚು ಮಾಡುವ ಮೊದಲು ಮಾಡಬಹುದಾಗಿದ್ದ, ಕಾಸು ಬೇಡದ ಕೆಲಸ ಇದು.

ಗಾಳಿ 65 ಪಿಎಸ್‌ಐ, ಬೆಳಗ್ಗೆ ಬಿಸಿಲು ಬೀಳುವ ಮುಂಚೆ, ಓಡದ ಟೈರಿನಲ್ಲಿ. ಈ ಮಟ್ಟದಲ್ಲಿ 10 ಡಿಗ್ರಿ ಫ್ಯಾರನ್‌ಹೀಟಿಗೆ ಸುಮಾರು 1.5 ಪಿಎಸ್‌ಐ ಏರುಪೇರಾಗುತ್ತದೆ. ಓಡಿ ಬಿಸಿಯಾದಾಗ 75ರ ಹತ್ತಿರ ಹೋದರೆ ಗಾಬರಿಯಾಗಿ ಇಳಿಸಬೇಡಿ, ತಣಿದ ಮೇಲೆ ಅದು ಕಡಿಮೆ ಗಾಳಿಯ ಟೈರಾಗುತ್ತದೆ. ಸೆನ್ಸಾರಿನ ಕೆಳಮಿತಿಯನ್ನು 57ಕ್ಕೆ ಇಡಲಾಗಿದೆ. ಬಿಸಿಲಿನ ಮಗ್ಗುಲಿನ ಎರಡು ಟೈರು ನೆರಳಿನವಕ್ಕಿಂತ ಕೆಲವು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ, ಒಂದೇ ಮಗ್ಗುಲಿನ ಎರಡರ ನಡುವೆ ವ್ಯತ್ಯಾಸ ಬೆಳೆಯುತ್ತಾ ಹೋದರೆ ನಿಲ್ಲಿಸಿ ನೋಡಬೇಕು.

ಖರ್ಚು (ಡಾಲರ್)

ಟೈರು ಐದು, ತಲಾ 128: 640
ರಿಮ್ಮು ಐದು, ತಲಾ 62: 310
ಲೋಹದ ವಾಲ್ವ್ ಐದು: 30
ಕೂರಿಸಿ ಬ್ಯಾಲೆನ್ಸ್, ತಲಾ 22: 110
ಹಳೆಯದರ ವಿಲೇವಾರಿ: 20
ನಟ್ಟು 20: 30
ಒಟ್ಟು 1,140, ತೆರಿಗೆ ಮತ್ತು ತೂಕದ ಚೀಟಿ ಬಿಟ್ಟು.

ಉಳಿದಿರುವ ಕೆಲಸ: ಚಕ್ರ ಬಿಚ್ಚಿದಾಗ ಈಕ್ವಲೈಸರಿನ ನೈಲಾನ್ ಬುಶ್ಶುಗಳು ಒಂದು ಮಗ್ಗುಲಿಗೆ ಪೂರ್ತಿ ಸವೆದು ಬೋಲ್ಟು ಲೋಹಕ್ಕೇ ಉಜ್ಜುತ್ತಿದ್ದುದು ಕಂಡಿತು. ಕಂಚಿನ ಬುಶ್ಶು ಮತ್ತು ಗ್ರೀಸು ಹೊಡೆಯುವ ಬೋಲ್ಟುಗಳ ಕಿಟ್ ತರಿಸಿದ್ದಾಗಿದೆ, ಅದನ್ನು ಹಾಕಿದ ಮೇಲೆ ನಾಲ್ಕೂ ಚಕ್ರ ಇನ್ನೊಮ್ಮೆ ತೂಗಬೇಕು.